ಬಕೆಟ್‌ನಿಂದ ಹೊರಟ ಅಣು: ಕೊನೆಗೂ ಬಾಲ ಕಳಚಿತು

ಒಂದು ಹೊಗೆಯ ಉಂಗುರಕ್ಕೆ ಮೂರು ವಾರ! ನಿನ್ನೆ ರಾತ್ರಿ ಅದು ಹಾಲ್‌ನ ಈ ಗೋಡೆಯಿಂದ ಹೊರಟು ಆ ಗೋಡೆಗೆ ಬಡಿಯಿತು. ಬಾಲ ಇಲ್ಲದೆ.

ಬಕೆಟ್ ತಳಕ್ಕೆ ತೂತು, ಬಾಯಿಗೆ ರಬ್ಬರ್, ಒಳಗೆ ಅಗರಬತ್ತಿ ಹೊಗೆ. ರಬ್ಬರ್ ಮೇಲೆ ಗುದ್ದಿದರೆ ತೂತಿನಿಂದ ಹೊಗೆಯ ಉಂಗುರ ಹೊರಡುತ್ತದೆ. ರಬ್ಬರ್ ಹಾಳೆಯ ಸಂಕಟ ಮಾತ್ರ ಹೇಳಿಕೊಳ್ಳಲೇಬೇಕು. ಆನ್‌ಲೈನ್‌ನಲ್ಲಿ 'ತುಂಬಾ ತೆಳು' ಅಂತ ಬರೆದಿದ್ದರು. ಬಂದದ್ದು ಲಾರಿ ಚಕ್ರದ ಹಿಂದೆ ನೇತುಹಾಕುವಂಥದ್ದು. ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಕೊನೆಗೆ ದೊಡ್ಡ ಬಲೂನು ಕತ್ತರಿಸಿ ಕಟ್ಟಿದೆ.

ಇಷ್ಟೆಲ್ಲ ಒದ್ದಾಟ 1867ರ ಒಂದು ಹುಚ್ಚು ಕಲ್ಪನೆಗಾಗಿ. ಎಡಿನ್‌ಬರೋದಲ್ಲಿ ಭೌತವಿಜ್ಞಾನಿ ಪೀಟರ್ ಟೇಟ್ ಇಂಥದೇ ಪೆಟ್ಟಿಗೆಯಿಂದ ಉಂಗುರ ಬಿಟ್ಟು ತೋರಿಸಿದರು. ಅದನ್ನು ನೋಡಿದ ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್), ಅಣು (ಪರಮಾಣು) ಅಂದರೆ ಈಥರ್‌ನಲ್ಲಿ, ಅಂದರೆ ಜಗತ್ತನ್ನೆಲ್ಲ ತುಂಬಿದೆ ಎಂದು ಆಗ ನಂಬಿದ್ದ ಕಾಣದ ದ್ರವ್ಯದಲ್ಲಿ, ಸುತ್ತುವ ಸುಳಿಯೇ ಇರಬೇಕು ಎಂದರು. ಸೋಡಿಯಂ ಅಣು ಸರಪಳಿ ಕೊಂಡಿಯಂತೆ ಸೇರಿಕೊಂಡ ಎರಡು ಉಂಗುರ ಇರಬಹುದು ಅಂತಲೂ ಊಹಿಸಿದರು. ಎರಡು ಉಂಗುರ ಡಿಕ್ಕಿ ಹೊಡೆದರೆ ರಬ್ಬರಿನಂತೆ ಪುಟಿದು ನಡುಗುತ್ತವೆ. ನನಗೆ ಆ ನಡುಕ ನೋಡಬೇಕಿತ್ತು.

ನನ್ನ ಉಂಗುರವೋ, ಹೊರಟ ಕೂಡಲೇ ಹಿಂದೊಂದು ಹೊಗೆಯ ಬಾಲ. ಒಂದು ಮೀಟರ್ ದಾಟುವಷ್ಟರಲ್ಲಿ ತೂರಾಡಿ ಚದುರಿಹೋಗುತ್ತಿತ್ತು. ತೂತಿನ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿದೆ. ಫ್ಯಾನ್ ಆಫ್ ಮಾಡಿದೆ, ಕಿಟಕಿ ಮುಚ್ಚಿದೆ. ಪಕ್ಕದ ಮನೆ ಆಂಟಿ "ಏನ್ರೀ, ದಿನಾ ಪೂಜೆನಾ?" ಅಂತ ಕೇಳಿದರು. ಜೋರಾಗಿ ಗುದ್ದಿದೆ. ಬಾಲ ಇನ್ನೂ ಉದ್ದವಾಯಿತು. ಸುಳಿವು ಅಲ್ಲೇ ಇತ್ತು, ನಾನು ಪೆದ್ದನ ಹಾಗೆ ಗುದ್ದುತ್ತಲೇ ಇದ್ದೆ.

1998ರಲ್ಲಿ ವಿಜ್ಞಾನಿ ಮೊರ್ತೆಜಾ ಘರಿಬ್ ಮತ್ತು ಸಂಗಡಿಗರು ಇದನ್ನು ನೀರಿನಲ್ಲಿ ಅಳೆದಿದ್ದರು. ತೂತಿನಿಂದ ಹೊರಬೀಳುವುದನ್ನು ಒಂದು ಕಂಬ ಅಂದುಕೊಳ್ಳಿ. ಕಂಬದ ಉದ್ದ ಅದರ ಅಗಲದ ಸುಮಾರು 4 ಪಟ್ಟು ಆಗುವಷ್ಟರಲ್ಲಿ ಉಂಗುರಕ್ಕೆ ಹೊಟ್ಟೆ ತುಂಬುತ್ತದೆ. ಮಿಕ್ಕಿದ್ದೆಲ್ಲ ಬಾಲ! ನನ್ನ ತೂತು 6 ಸೆಂ.ಮೀ. ಅಂದರೆ 24 ಸೆಂ.ಮೀ. ಕಂಬ, ಸುಮಾರು 680 ಮಿ.ಲೀ. ಗಾಳಿ. ಬಕೆಟ್ ಬಾಯಿ 28 ಸೆಂ.ಮೀ. ಬಲೂನು ಲಾಳಿಕೆಯ ಆಕಾರದಲ್ಲಿ ತಗ್ಗುತ್ತದೆ ಅಂತ ಹಿಡಿದರೆ ನಡುವೆ ಒತ್ತಬೇಕಾದದ್ದು ಬರೀ 3.3 ಸೆಂ.ಮೀ. ನಾನು ಅರ್ಧ ಗೇಣು ಒತ್ತುತ್ತಿದ್ದೆ.

ಗುದ್ದುವುದು ಬಿಟ್ಟೆ. ಬಲೂನಿನ ನಡುವೆ ಅಂಗಿ ಗುಂಡಿ ಅಂಟಿಸಿ, ದಾರ ಕಟ್ಟಿ, ಎರಡು ಬೆರಳಗಲ ಹಿಂದಕ್ಕೆಳೆದು ಬಿಟ್ಟೆ. ಫಟ್! ಚೊಕ್ಕ ಉಂಗುರ.

ಆಮೇಲೆ ತಲೆಗೆ ಹುಳ ಹೊಕ್ಕಿತು. ಅಣುವಿನೊಳಗೂ ಒಂದು ಲೋಕವಿದೆ, ನಮ್ಮ ನಕ್ಷತ್ರಗಳು ಇನ್ನೂ ದೊಡ್ಡ ಲೋಕವೊಂದರ ಅಣುಗಳು ಎಂದು 1907ರಲ್ಲಿ ಭೌತವಿಜ್ಞಾನಿ ಫೂರ್ನಿಯೆ ಡಾಲ್ಬ್ ವಾದಿಸಿದ್ದರು. ನಾಲ್ಕರ ಲೆಕ್ಕಕ್ಕೂ ಗಾತ್ರದ ಹಂಗಿಲ್ಲ, ಅಲ್ವಾ? ಬಾಟಲಿ ಮುಚ್ಚಳಕ್ಕೆ 1 ಸೆಂ.ಮೀ. ತೂತು ಮಾಡಿ ಮೆಲ್ಲಗೆ ಅದುಮಿದೆ. ಬಾಲವಿಲ್ಲದ ಪುಟ್ಟ ಉಂಗುರ ಬಂತು, ಒಂದು ಗೇಣು ಹೋಗಿ ಕರಗಿತು. ಗಾಳಿಗೂ ಅಂಟು ಇದೆ. ಬಕೆಟ್ ಉಂಗುರಕ್ಕೆ ಅದು ಲೆಕ್ಕಕ್ಕಿಲ್ಲ, ಪುಟ್ಟದಕ್ಕೆ ಜೇನುತುಪ್ಪದಲ್ಲಿ ಈಜಿದ ಹಾಗೆ. ಕೆಲ್ವಿನ್‌ರ ಈಥರ್‌ಗೆ ಅಂಟೇ ಇರಲಿಲ್ಲ. ಅದಕ್ಕೇ ಅವರ ಅಣುಗಳಿಗೆ ಸಾವಿಲ್ಲ. ಲೋಕದೊಳಗೆ ಲೋಕ ಕಟ್ಟುವವರು ಮೊದಲು ಬಾಟಲಿ ಅದುಮಿ ನೋಡಲಿ.

ಮುಂದಿನ ಪ್ರಾಜೆಕ್ಟ್ ನೀರಿನ ತೊಟ್ಟಿ. 2013ರಲ್ಲಿ ಶಿಕಾಗೋದಲ್ಲಿ ಭೌತವಿಜ್ಞಾನಿಗಳಾದ ಕ್ಲೆಕ್ನರ್ ಮತ್ತು ಅರ್ವಿನ್ 3ಡಿ ಪ್ರಿಂಟ್ ಮಾಡಿದ ರೆಕ್ಕೆಯನ್ನು ನೀರಿನಲ್ಲಿ ಜಗ್ಗಿ, ಗಂಟು ಹಾಕಿದ ಸುಳಿಯನ್ನೇ ಎಬ್ಬಿಸಿದ್ದರು. ಗಂಟು ತಾನಾಗೇ ಬಿಚ್ಚಿಕೊಂಡಿತು. ಪ್ರಿಂಟ್ ಅಂಗಡಿಯವನು ಹೇಳಿದ ರೇಟ್ ಕೇಳಿ ನನ್ನ ಗಂಟೂ ಬಿಚ್ಚಿಕೊಂಡಿದೆ.

ಡಿಕ್ಕಿ ಇನ್ನೂ ಆಗಿಲ್ಲ. ಎರಡನೇ ಬಕೆಟ್‌ನಲ್ಲಿ ಅಮ್ಮ ಬಟ್ಟೆ ನೆನೆಹಾಕಿದ್ದಾರೆ.