ಮಂಡ್ಯ–ಮೈಸೂರು ಪಾಸು

ಕಾಲೇಜು ಪತ್ರಿಕೆಗೆ ನೆನಪು ಬರೆದುಕೊಡಿ ಅಂತ ಕೇಳಿದಾಗ ನಾನು ಮೊದಲು ಹುಡುಕಿದ್ದು ಹಳೆಯ ಟ್ರೈನ್ ಪಾಸನ್ನು. ಪ್ರೊಸೀಜರ್ ಬುಕ್ಕಿನ ನಡುವೆ ಸಿಕ್ಕಿತು. ಅಕ್ಷರ ಮಾಸಿಹೋಗಿದೆ. ‘ಮಂಡ್ಯ’ ಅನ್ನುವುದೊಂದು ಮಾತ್ರ ಓದಲು ಬರುತ್ತದೆ. 2016ರಿಂದ 2018ರವರೆಗೆ ನಾನು ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಓದಿದ್ದು ಅರ್ಧ ಕಾಲೇಜಿನಲ್ಲಿ, ಅರ್ಧ ಟ್ರೈನಿನಲ್ಲಿ.

ಪಿಯುಸಿ ಮುಗಿಸಿ ನೇರವಾಗಿ ಬಿ.ಎಸ್ಸಿ. ನರ್ಸಿಂಗ್ ಸೇರಿದವರಿಗೆ 4 ವರ್ಷ. ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮುಗಿಸಿ, ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡ ನಮ್ಮಂಥವರಿಗೆ 2 ವರ್ಷ. ಕೇಳಲು ಸುಲಭ. ‘ಗೊತ್ತಿರೋದನ್ನೇ ಇನ್ನೊಂದ್ಸಲ ಓದೋದು ತಾನೇ’ ಅಂದರು ನಮ್ಮನೆಯವರು. ನಾನೂ ಹಾಗೇ ಅಂದುಕೊಂಡಿದ್ದೆ. ಅಷ್ಟು ಹೊತ್ತಿಗೆ ವಾರ್ಡಿನಲ್ಲಿ 6 ವರ್ಷ ಕೆಲಸ ಮಾಡಿದ್ದೆ. ಎಂಥ ಸಣ್ಣ ರಕ್ತನಾಳವಿದ್ದರೂ ಡ್ರಿಪ್ ಕೊಡುವ ಕ್ಯಾನುಲಾ ಹಾಕಲು ನನ್ನನ್ನೇ ಕರೆಯುತ್ತಿದ್ದರು. ಆ ಜಂಬ ಸ್ವಲ್ಪ ಇತ್ತು.

ಡಿಗ್ರಿ ಮಾಡಬೇಕು ಅನ್ನಿಸಿದ್ದಕ್ಕೆ ದೊಡ್ಡ ಆದರ್ಶ ಏನೂ ಇರಲಿಲ್ಲ. ನಾನು ಕೆಲಸ ಮಾಡುತ್ತಿದ್ದ ಖಾಸಗಿ ಆಸ್ಪತ್ರೆಗೆ ಒಬ್ಬಳು ಹುಡುಗಿ ಬಿ.ಎಸ್ಸಿ. ಮುಗಿಸಿ ಬಂದಳು. ಒಳ್ಳೆಯವಳೇ. ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಹಾಕುವುದನ್ನು ಅವಳಿಗೆ ಕೈ ಹಿಡಿದು ತೋರಿಸಿಕೊಟ್ಟವಳು ನಾನು. ಒಂದೂವರೆ ವರ್ಷಕ್ಕೆ ಅವಳು ಇನ್‌ಚಾರ್ಜ್ ಆದಳು. ನನ್ನ ಡ್ಯೂಟಿ ಲಿಸ್ಟಿಗೆ ಅವಳು ಸಹಿ ಹಾಕತೊಡಗಿದಳು. ಅವತ್ತು ಮನೆಗೆ ಬಂದು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ರಾತ್ರಿ ಅತ್ತೆಗೆ ವಿಷಯ ಹೇಳಿದೆ.

ಅರ್ಜಿ ಹಾಕುವುದು ಓದುವುದಕ್ಕಿಂತ ಕಷ್ಟ ಅನ್ನುವುದು ಆಮೇಲೆ ಗೊತ್ತಾಯಿತು. ಎಸ್ಸೆಸ್ಸೆಲ್ಸಿ, ಪಿಯುಸಿ, ಜಿಎನ್‌ಎಂ ಅಂಕಪಟ್ಟಿ ಎಲ್ಲದರ ಒರಿಜಿನಲ್ ಬೇಕು. ನನ್ನ ಒರಿಜಿನಲ್‌ಗಳು ಕೆಲಸಕ್ಕೆ ಸೇರಿದ ದಿನದಿಂದ ಆಸ್ಪತ್ರೆಯ ಬೀರುವಿನಲ್ಲಿದ್ದವು. ಹಾಗೆ ಇಟ್ಟುಕೊಳ್ಳುವುದು ತಪ್ಪು ಅಂತ ಕೂಡ ನನಗೆ ಗೊತ್ತಿರಲಿಲ್ಲ. ಕೇಳಿದರೆ, ‘ಎರಡು ತಿಂಗಳ ನೋಟಿಸ್ ಕೊಡಿ, ಇಲ್ಲಾಂದ್ರೆ ಎರಡು ತಿಂಗಳ ಸಂಬಳ ಕಟ್ಟಿ’ ಅಂದರು. ಮೂರು ದಿನ ಡ್ಯೂಟಿ ಮುಗಿಸಿ ಆಫೀಸಿನ ಮುಂದಿನ ಬೆಂಚಿನಲ್ಲಿ ಸುಮ್ನೆ ಕೂತೆ. ಜಗಳ ಮಾಡಲಿಲ್ಲ, ನನಗೆ ಬರುವುದೂ ಇಲ್ಲ. ಕೊನೆಗೆ ಒಂದು ತಿಂಗಳ ಸಂಬಳ ಬಿಟ್ಟುಕೊಟ್ಟು ಕವರ್ ತೆಗೆದುಕೊಂಡು ಬಂದೆ. ಈಗ ಓದುತ್ತಿರುವ ಹುಡುಗಿಯರಿಗೆ ಹೇಳುತ್ತೇನೆ: ಕೆಲಸಕ್ಕೆ ಸೇರುವಾಗ ಜೆರಾಕ್ಸ್ ಕೊಡಿ, ಒರಿಜಿನಲ್ ತೋರಿಸಿ ವಾಪಸ್ ತನ್ನಿ.

ಇನ್ನೊಂದು ತಪ್ಪು ನನ್ನದೇ. ಕೌನ್ಸಿಲ್ ನೋಂದಣಿಯನ್ನು ನವೀಕರಣ ಮಾಡಿಸಿರಲಿಲ್ಲ. ಅದಕ್ಕೆ ಬೆಂಗಳೂರಿಗೆ ಹೋಗಬೇಕು. ಹೊರಟ ಸಮಯ ನೋಡಿ, 2016ರ ಸೆಪ್ಟೆಂಬರ್! ತಮಿಳುನಾಡಿಗೆ ದಿನಕ್ಕೆ 15,000 ಕ್ಯೂಸೆಕ್ ನೀರು ಬಿಡಿ ಅಂತ ಸುಪ್ರೀಂ ಕೋರ್ಟ್ 5ನೇ ತಾರೀಖು ಹೇಳಿತು. ಮಾರನೇ ದಿನದಿಂದ ಮಂಡ್ಯ ಮಂಡ್ಯವಾಗಿ ಉಳಿಯಲಿಲ್ಲ. ಹೆದ್ದಾರಿ ಬಂದ್, ಬಸ್ಸಿಲ್ಲ. ನಮ್ಮ ಮಾವ ಬೆಳಿಗ್ಗೆ ಹಸಿರು ಶಾಲು ಹಾಕಿಕೊಂಡು ಸಂಜಯ ಸರ್ಕಲ್‌ಗೆ ಹೋಗಿ ಕೂತರೆ ಬರುತ್ತಿದ್ದುದು ಸಂಜೆಗೆ. ಮಾವ ರಸ್ತೆ ತಡೆದಿದ್ದರು, ಸೊಸೆಗೆ ಬಸ್ಸಿರಲಿಲ್ಲ. ‘ನೀರಿಲ್ದೆ ಕಬ್ಬು ಒಣಗ್ತಾ ಐತೆ, ನಿನ್ ಸರ್ಟಿಫಿಕೇಟ್ ಎಲ್ಲಿ ಒಣಗೋಯ್ತದೆ ಬುಡವ್ವ’ ಅಂದರು. ಕಡೆಗೆ ಅವರೇ ಪರಿಚಯದವರ ಕಾರಿನಲ್ಲಿ ಮಳವಳ್ಳಿ, ಕನಕಪುರದ ಮೇಲೆ ಸುತ್ತಿ ಕಳಿಸಿಕೊಟ್ಟರು.

ಸೀಟು ಸಿಕ್ಕಿತು. ಫೀಸಿನ ಎರಡನೇ ಕಂತಿಗೆ ಅಂತ ಅತ್ತೆ ನವೆಂಬರ್ 7ಕ್ಕೆ ಚೀಟಿ ಎತ್ತಿದರು. ಎಲ್ಲಾ 500ರ ನೋಟು. ಮಾರನೇ ರಾತ್ರಿ ಟಿವಿಯಲ್ಲಿ ಏನು ಬಂತು ಅಂತ ನಿಮಗೆಲ್ಲ ಗೊತ್ತು. ‘ನೀನು ಓದ್ಕೋ, ಕ್ಯೂನಲ್ಲಿ ನಾನು ನಿಲ್ತೀನಿ’ ಅಂದ ಅತ್ತೆ, ಆ ವಾರವೆಲ್ಲ ಬ್ಯಾಂಕಿನ ಮುಂದೆ ಟವೆಲ್ ಹಾಸಿಕೊಂಡು ಕೂತಿದ್ದರು.

ತರಗತಿಯಲ್ಲಿ ನಮ್ಮನ್ನು ನೋಡಿದರೆ ನಗು ಬರಬೇಕು. ಎಲ್ಲರೂ ಮದುವೆಯಾದವರು, ಇಲ್ಲವೇ ಮದುವೆ ಗೊತ್ತಾದವರು. ಒಬ್ಬರಿಗೆ ಹತ್ತನೇ ತರಗತಿ ಓದುವ ಮಗಳಿದ್ದಳು. 4 ವರ್ಷದ ಬ್ಯಾಚಿನ ಹುಡುಗಿಯರು ನಮ್ಮನ್ನು ‘ಅಕ್ಕ’ ಅನ್ನುತ್ತಿದ್ದರು, ಕ್ಲಿನಿಕಲ್ ಕಲಿಸುವ ಮೇಡಂ ‘ಸಿಸ್ಟರ್’ ಅನ್ನುತ್ತಿದ್ದರು. ಆ ಮೇಡಂ ನನಗಿಂತ ಐದಾರು ವರ್ಷ ಚಿಕ್ಕವರು. ಮೊದಲ ವಾರ ಅವರು ಬೆಡ್ ಮೇಕಿಂಗ್ ಬಗ್ಗೆ ಮಾತಾಡಿದಾಗ ನಾವು ಹಿಂದಿನ ಬೆಂಚಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ವಾರ್ಡಿನ ಪೋಸ್ಟಿಂಗ್ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ, ಪಕ್ಕದ ಚೆಲುವಾಂಬ ಆಸ್ಪತ್ರೆಯಲ್ಲಿ. ಕೆಲಸಕ್ಕೆ ನಾವು ಹೆದರಲಿಲ್ಲ. ಹೆದರಿದ್ದು ಕೇರ್ ಪ್ಲಾನ್ ಬರೆಯುವುದಕ್ಕೆ. ಅದರಲ್ಲಿ ರೋಗಿಯ ತೊಂದರೆ ಏನು, ನಾವು ಏನು ಮಾಡುತ್ತೇವೆ ಅಂತ ಕಾಲಂಗಳು. ಅದರ ಪಕ್ಕ ‘ರ‍್ಯಾಷನಾಲೆ’ ಅಂತ ಒಂದು ಕಾಲಂ. ಮಾಡುವುದು ಯಾಕೆ ಅಂತ ಅಲ್ಲಿ ಬರೆಯಬೇಕು. ಅದನ್ನು ಹೇಗೆ ಉಚ್ಚರಿಸಬೇಕು ಅಂತ ಕೂಡ ನಮ್ಮಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನನ್ನ ಮೊದಲ ಕೇರ್ ಪ್ಲಾನಿನಲ್ಲಿ ಆ ಕಾಲಂ ಪೂರ್ತಿ ಖಾಲಿ.

ಅದು ಸಿಒಪಿಡಿ ರೋಗಿಯದು. ಬೀಡಿ ಸೇದಿ ಸೇದಿ ಶ್ವಾಸಕೋಶ ಸೋತ ತಾತ. ‘ಆಕ್ಸಿಜನ್ ಕಡಿಮೆ ಇಟ್ಟಿದೀರಿ, ಯಾಕೆ?’ ಅಂತ ಮೇಡಂ ಕೇಳಿದರು.

‘ಡಾಕ್ಟರ್ ಬರೆದಿರ್ತಾರೆ ಮೇಡಂ.’

‘ಅವರು ಬರೆಯೋದು ಮರೆತಿದ್ರೆ?’

ನನಗೆ ಮಾತು ಬರಲಿಲ್ಲ. ಇಂಥವರಿಗೆ ಜಾಸ್ತಿ ಆಕ್ಸಿಜನ್ ಹಾಕಬಾರದು ಅಂತ ಗೊತ್ತಿತ್ತು. ಆರು ವರ್ಷ ಹಾಕಿಯೂ ಇರಲಿಲ್ಲ. ಜಾಸ್ತಿ ಕೊಟ್ಟರೆ ಅವರ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ, ರೋಗಿ ಮಂಕಾಗಿ ಉಸಿರೇ ಸೋಲಬಹುದು, ಅದಕ್ಕೇ ರಕ್ತದ ಆಕ್ಸಿಜನ್ ಸ್ಯಾಚುರೇಷನ್ ಶೇಕಡಾ 88ರಿಂದ 92ರ ನಡುವೆ ಇಡುತ್ತಾರೆ ಅನ್ನುವುದು ಅವತ್ತು ತಾತನ ಹಾಸಿಗೆಯ ಪಕ್ಕ ನಿಂತು ಕಲಿತದ್ದು. ತಾತನೂ ಕೇಳಿಸಿಕೊಳ್ಳುತ್ತಿದ್ದರು. ‘ನಂಗೂ ಈಗ್ಲೇ ಗೊತ್ತಾಗಿದ್ದು ಕಣವ್ವ’ ಅಂದರು.

ಹಾಗಂತ ಯಾವಾಗಲೂ ನಾವೇ ಸೋಲುತ್ತಿರಲಿಲ್ಲ. ಒಂದು ದಿನ 500 ಎಂಎಲ್ ಡ್ರಿಪ್ 4 ಗಂಟೆಯಲ್ಲಿ ಹೋಗಬೇಕಿತ್ತು. ಸೆಟ್ಟು ಎಂಎಲ್‌ಗೆ 20 ಹನಿಯದು. ಚಿಕ್ಕ ಹುಡುಗಿಯರು ಲೆಕ್ಕ ಹಾಕುತ್ತಾ ನಿಂತಿದ್ದರು. ನಾನು ಕಣ್ಣಳತೆಯಲ್ಲೇ ರೆಗ್ಯುಲೇಟರ್ ತಿರುಗಿಸಿ ಬಿಟ್ಟೆ. ಮೇಡಂ ವಾಚು ಹಿಡಿದು ಎಣಿಸಿದರು. ನಿಮಿಷಕ್ಕೆ 43. ಲೆಕ್ಕದ ಪ್ರಕಾರ 42. ‘ಸರಿ ಸಿಸ್ಟರ್, ಆದ್ರೆ ಪರೀಕ್ಷೇಲಿ ಕಣ್ಣಳತೆ ಅಂತ ಬರೆಯೋ ಹಾಗಿಲ್ಲ’ ಅಂದರು. ಮೊದಲ ಸಲ ನಾವಿಬ್ಬರೂ ಒಟ್ಟಿಗೆ ನಕ್ಕಿದ್ದು ಅವತ್ತೇ.

ನನ್ನ ಜಂಬ ಪೂರ್ತಿ ಇಳಿದದ್ದು ಮೈಕ್ರೋಬಯಾಲಜಿ ಲ್ಯಾಬಿನಲ್ಲಿ. ಎಲ್ಲರಿಗೂ ಸೂಕ್ಷ್ಮಜೀವಿ ಬೆಳೆಸುವ ಒಂದೊಂದು ಅಗರ್ ತಟ್ಟೆ ಕೊಟ್ಟರು. ಮಧ್ಯೆ ಗೆರೆ ಎಳೆದು, ಒಂದು ಕಡೆ ಕೈ ತೊಳೆಯುವ ಮುಂಚೆ, ಇನ್ನೊಂದು ಕಡೆ ತೊಳೆದ ಮೇಲೆ ಬೆರಳನ್ನು ಉದ್ದಕ್ಕೆ ಒತ್ತಬೇಕು. ನಾನು ಸೋಪು ಹಾಕಿ ಪೂರ್ತಿ ಒಂದು ನಿಮಿಷ ತಿಕ್ಕಿ ತೊಳೆದೆ. ತಟ್ಟೆಯ ಹಿಂದೆ ಹೆಸರು ಬರೆದು 37 ಡಿಗ್ರಿಯ ಇನ್‌ಕ್ಯುಬೇಟರ್‌ನಲ್ಲಿಟ್ಟು ಬಂದೆವು. ಮಾರನೇ ದಿನ ತೆಗೆದು ನೋಡಿದರೆ, ತೊಳೆಯದ ಕಡೆ ರವೆ ಚೆಲ್ಲಿದ ಹಾಗೆ ಬಿಳಿ, ಹಳದಿ ಚುಕ್ಕೆ. ಅದು ಸರಿ. ತೊಳೆದ ಕಡೆ ಬೆರಳ ತುದಿಯ ಜಾಗ ಹೆಚ್ಚುಕಡಿಮೆ ಖಾಲಿ, ಆದರೆ ಬುಡದಲ್ಲಿ ಅಡ್ಡಕ್ಕೆ ಚುಕ್ಕೆಗಳದೇ ಒಂದು ಸಾಲು. ನೀಟಾಗಿ, ದಾರದಲ್ಲಿ ಪೋಣಿಸಿದ ಹಾಗೆ. ನನಗೆ ತಕ್ಷಣ ಅರ್ಥ ಆಗಲಿಲ್ಲ. ಮೇಡಂ ತಟ್ಟೆ ನೋಡಿದರು, ನನ್ನ ಕೈ ನೋಡಿದರು. ‘ಉಂಗುರ ತೆಗೆದಿರ್ಲಿಲ್ಲ ಅಲ್ವಾ ಸಿಸ್ಟರ್?’

ನಿಶ್ಚಿತಾರ್ಥದಲ್ಲಿ ಹಾಕಿದ ಉಂಗುರ ಅದು. ಎಷ್ಟು ಡ್ರೆಸ್ಸಿಂಗ್ ಮಾಡಿದ್ದೆನೋ, ಎಷ್ಟು ಹಸುಗೂಸುಗಳನ್ನು ಎತ್ತಿದ್ದೆನೋ ಅದೇ ಕೈಯಲ್ಲಿ. ಲೆಕ್ಕ ಇಡುವ ಧೈರ್ಯ ಬರಲಿಲ್ಲ. ಅವತ್ತು ಸಂಜೆ ಟ್ರೈನಿನಲ್ಲೇ ಉಂಗುರ ಬಿಚ್ಚಿ ಮಾಂಗಲ್ಯದ ಸರಕ್ಕೆ ಸೇರಿಸಿದೆ. ಈಗಲೂ ಅಲ್ಲೇ ಇದೆ. ಆ ವಾರ ಕೇರ್ ಪ್ಲಾನಿನ ಖಾಲಿ ಕಾಲಂ ತುಂಬಲು ಯಾರೂ ನನಗೆ ಹೇಳಬೇಕಾಗಲಿಲ್ಲ.

ಬಯೋಕೆಮಿಸ್ಟ್ರಿ ಮಾತ್ರ ಕೈಗೆ ಗೊತ್ತಿಲ್ಲದ ಸಬ್ಜೆಕ್ಟು. ಮೊದಲ ಇಂಟರ್ನಲ್ಸ್‌ನಲ್ಲಿ ಫೇಲಾದೆ. ಮೊದಲ ವರ್ಷದಲ್ಲೇ ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ, ನ್ಯೂಟ್ರಿಷನ್, ಸೈಕಾಲಜಿ, ಅದರ ಮೇಲೆ ಮೆಡಿಕಲ್ ಸರ್ಜಿಕಲ್, ಮಕ್ಕಳದು, ಹೆರಿಗೆಯದು. ಮನೆಗೆ ಹೋದರೆ 4 ವರ್ಷದ ಮಗ ಪುಸ್ತಕದ ಮೇಲೆ ಮಲಗುತ್ತಿದ್ದ. ಇದ್ದ ಸಮಯವೆಂದರೆ ಬೆಳಗಿನ ಪ್ಯಾಸೆಂಜರ್ ಒಂದೇ.

ಕ್ರೆಬ್ಸ್ ಸೈಕಲ್ ಅಂತ ಒಂದು ಬರುತ್ತದೆ. ನಾವು ತಿಂದದ್ದು ಜೀವಕೋಶದೊಳಗೆ ಶಕ್ತಿಯಾಗುವ ದಾರಿ. ಎಂಟು ಹೆಸರು, ಒಂದಾದ ಮೇಲೊಂದು ಬರಬೇಕು. ತಿಂಗಳಾದರೂ ತಲೆಗೆ ಹತ್ತಲಿಲ್ಲ. ಒಂದು ದಿನ ಕಿಟಕಿಯಿಂದ ಹಳದಿ ಬೋರ್ಡ್ ನೋಡುತ್ತಾ ಎಣಿಸಿದೆ. ಮಂಡ್ಯದಿಂದ ಮೈಸೂರಿಗೆ ನಮ್ಮ ಪ್ಯಾಸೆಂಜರ್ ನಿಲ್ಲುವ ಸ್ಟೇಷನ್ನೂ ಎಂಟೇ! ಮಂಡ್ಯ ಸಿಟ್ರೇಟ್. ಯಲಿಯೂರು ಐಸೋಸಿಟ್ರೇಟ್. ಬ್ಯಾಡರಹಳ್ಳಿ ಆಲ್ಫಾ ಕೀಟೋಗ್ಲುಟರೇಟ್. ಚಂದ್ರಗಿರಿ ಕೊಪ್ಪಲು ಸಕ್ಸಿನೈಲ್ ಕೋ-ಎ. ಪಾಂಡವಪುರ ಸಕ್ಸಿನೇಟ್. ಶ್ರೀರಂಗಪಟ್ಟಣ ಫ್ಯೂಮರೇಟ್. ನಾಗನಹಳ್ಳಿ ಮ್ಯಾಲೇಟ್. ಮೈಸೂರು ಆಕ್ಸಲೋಅಸಿಟೇಟ್. ಅಲ್ಲಿ ಅಸಿಟೈಲ್ ಕೋ-ಎ ಬಂದು ಸೇರಿದರೆ ಮತ್ತೆ ಸಿಟ್ರೇಟ್, ಅಂದರೆ ವಾಪಸ್ ಮಂಡ್ಯ. ಮೈಸೂರು ಸ್ಟೇಷನ್ನಿನ ಕಾಫಿಗೆ ಅಸಿಟೈಲ್ ಕೋ-ಎ ಅಂತಲೇ ಹೆಸರಿಟ್ಟೆವು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಕಣ್ಣು ಮುಚ್ಚಿದೆ, ಶ್ರೀರಂಗಪಟ್ಟಣದಲ್ಲಿ ಕಾವೇರಿ ಕಂಡಿತು, ಫ್ಯೂಮರೇಟ್ ಬರೆದೆ.

ಅದೇ ಟ್ರೈನು ಮರ್ಯಾದೆಯನ್ನೂ ತೆಗೆದಿದೆ. ದುಡ್ಡಿಗೆ ಅಂತ ಶನಿವಾರ ರಾತ್ರಿ ಒಂದು ನರ್ಸಿಂಗ್ ಹೋಮಿನಲ್ಲಿ ನೈಟ್ ಡ್ಯೂಟಿ ಒಪ್ಪಿಕೊಂಡಿದ್ದೆ. ಭಾನುವಾರ ಮನೆಗೆಲಸ, ಸೋಮವಾರ ಕಾಲೇಜು. ಒಂದು ಸೋಮವಾರ ಸಂಜೆ ಬರುವಾಗ ಪಾಂಡವಪುರದಲ್ಲಿ ಕಣ್ಣು ಮುಚ್ಚಿದವಳು ‘ವಡೆ, ವಡೆ, ಬಿಸಿ ವಡೆ’ ಅನ್ನುವ ಕೂಗಿಗೆ ಎದ್ದೆ. ಮದ್ದೂರು! ಪಾಸು ಮಂಡ್ಯದವರೆಗೆ ಮಾತ್ರ. ದಂಡದ ಭಯಕ್ಕೆ ಇಳಿದು, ಬಸ್ಸಿನಲ್ಲಿ ವಾಪಸ್ ಬಂದೆ. ವಡೆ ಕಟ್ಟಿಸಿಕೊಂಡು ಬಂದಿದ್ದರಿಂದ ಮನೆಯಲ್ಲಿ ಬೈಗುಳ ಕಡಿಮೆಯಾಯಿತು. ಆ ತಿಂಗಳೇ ನೈಟ್ ಡ್ಯೂಟಿ ಬಿಟ್ಟೆ.

ಎರಡನೇ ವರ್ಷದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೋಷಿಯಾಲಜಿ, ಅಡ್ಮಿನಿಸ್ಟ್ರೇಷನ್ ಓದಿ ಬರೆದೆವು, ಅಷ್ಟೇ. ಹಳ್ಳಿಯ ಪೋಸ್ಟಿಂಗ್ ಮಾತ್ರ ಮರೆಯಲಾರೆ. ರಿಸರ್ಚ್ ಪ್ರಾಜೆಕ್ಟಿಗೆ ನಾವು ತೆಗೆದುಕೊಂಡದ್ದು ತಾಯಂದಿರಿಗೆ ಓಆರ್‌ಎಸ್ ಬಗ್ಗೆ ಎಷ್ಟು ಗೊತ್ತು ಅನ್ನುವುದು. ಪ್ರಶ್ನಾವಳಿ ಹಿಡಿದು ಹೋದೆವು. ‘ಓಆರ್‌ಎಸ್ ಗೊತ್ತಾ?’ ‘ಗೊತ್ತು.’ ‘ಭೇದಿಯಾದಾಗ ಕೊಡ್ತೀರಾ?’ ‘ಕೊಡ್ತೀವಿ.’ ಎಲ್ಲರಿಗೂ ಫುಲ್ ಮಾರ್ಕ್ಸ್. ಆಗ ನನಗೆ ಆ ಖಾಲಿ ಕಾಲಂ ನೆನಪಾಯಿತು. ‘ಹೇಗೆ ಕೊಡ್ತೀಯ, ಮಾಡಿ ತೋರಿಸವ್ವ’ ಅಂದೆ. ಆ ತಾಯಿ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ, ಒಂದು ಚಿಟಿಕೆ ಲೋಟದ ನೀರಿಗೆ ಹಾಕಿ, ಉಳಿದದ್ದನ್ನು ಮಡಚಿ ಡಬ್ಬಿಯಲ್ಲಿಟ್ಟಳು. ಪೂರ್ತಿ ಪ್ಯಾಕೆಟ್ಟನ್ನು ಒಂದು ಲೀಟರ್ ನೀರಿಗೆ ಒಟ್ಟಿಗೆ ಹಾಕಿ, 24 ಗಂಟೆಯೊಳಗೆ ಮುಗಿಸಬೇಕು. ‘ಯಾಕಕ್ಕ, ಸ್ವಲ್ಪ ಸ್ವಲ್ಪ ಹಾಕಿದ್ರೆ ಏನಾಯ್ತದೆ?’ ಅಂತ ಕೇಳಿದಳು. ಈ ಸಲ ಉತ್ತರ ನನ್ನ ಹತ್ತಿರ ಇತ್ತು. ಉಪ್ಪು, ಸಕ್ಕರೆ ಒಂದು ಅಳತೆಯಲ್ಲಿದ್ದರೇ ಕರುಳು ನೀರು ಹೀರಿಕೊಳ್ಳೋದು ಅಂತ, ಅವಳ ಅಡುಗೆಮನೆಯ ಬಾಗಿಲಲ್ಲೇ ಕೂತು, ಗ್ಲೂಕೋಸ್ ಅನ್ನುವ ಪದ ಬಳಸದೆ ಹೇಳಿದೆ.

2018ರಲ್ಲಿ ಪಾಸಾದೆ. ರ‍್ಯಾಂಕ್ ಏನೂ ಇಲ್ಲ. ಬಯೋಕೆಮಿಸ್ಟ್ರಿ 50 ದಾಟಿದ್ದೇ ದೊಡ್ಡದು. ಕೊನೆಯ ಪ್ರಾಕ್ಟಿಕಲ್ ಮುಗಿದಾಗ ಪಾಸಿನಲ್ಲಿ ಇನ್ನೂ 4 ದಿನ ಉಳಿದಿತ್ತು. ಎರಡು ವರ್ಷದಿಂದ ಮಗ ಕೇಳುತ್ತಿದ್ದದ್ದು ಒಂದೇ, ‘ಅಮ್ಮ, ಯಾವಾಗ ಝೂಗೆ?’ ಅವನಿಗೆ ಅರ್ಧ ಟಿಕೆಟ್ ತೆಗೆಸಿ, ನನ್ನ ಪಾಸು ತೋರಿಸಿ ಇಬ್ಬರೂ ಹೊರಟೆವು. ದಾರಿಯುದ್ದಕ್ಕೂ ಸ್ಟೇಷನ್ ಬಂದಾಗಲೆಲ್ಲ ನನ್ನ ಬಾಯಲ್ಲಿ ಸಕ್ಸಿನೇಟ್, ಫ್ಯೂಮರೇಟ್ ಬರುತ್ತಿತ್ತು.

ಝೂ ಒಳಗೆ ಹೋಗಿ ಜಿರಾಫೆ ಮುಂದೆ ನಿಂತೆವು. ಬಯೋಫಿಸಿಕ್ಸ್ ಕ್ಲಾಸಿನಲ್ಲಿ ಸರ್ ಹೇಳಿದ್ದು ನೆನಪಾಯಿತು. ‘ಇದಕ್ಕೆ ನಮಗಿಂತ ಎರಡರಷ್ಟು ಬಿ.ಪಿ. ಇರುತ್ತೆ ಗೊತ್ತಾ?’ ಅಂದೆ.

ಮಗ ಕತ್ತೆತ್ತಿ ನೋಡಿದ. ‘ಯಾಕೆ?’

‘ರಕ್ತ ಅಷ್ಟು ಎತ್ತರಕ್ಕೆ ತಲೆಗೆ ಹತ್ತಬೇಕಲ್ಲ.’

ಸ್ವಲ್ಪ ಹೊತ್ತು ಯೋಚನೆ ಮಾಡಿ, ‘ಹಂಗಾದ್ರೆ ಇದೂ ಅಜ್ಜಿ ಥರ ಉಪ್ಪಿನಕಾಯಿ ತಿನ್ನಂಗಿಲ್ವಾ?’ ಅಂದ.