ತಗಡಿನ ಹಿಂದೆ ಅಡಗಿದ್ದ ಅಂಗಡಿ

ಅಮೆರಿಕದ ಇಂಡಿಯಾನಾ ರಾಜ್ಯದ ಒಂದು ಸಣ್ಣ ಊರಿನ ಮೇನ್ ಸ್ಟ್ರೀಟಿನಲ್ಲಿ ಹಳೇ ಅಂಗಡಿಯೊಂದರ ಮುಂಭಾಗಕ್ಕೆ ಹೊಡೆದಿದ್ದ ಅಲ್ಯೂಮಿನಿಯಂ ಶೀಟುಗಳನ್ನು ಕಳಚುತ್ತಿದ್ದರು. ಸುಮ್ನೆ ಊರು ನೋಡೋಣ ಅಂತ ಹೋದವಳು ಮಧ್ಯಾಹ್ನದವರೆಗೂ ಅಲ್ಲೇ ನಿಂತುಬಿಟ್ಟೆ.

1950, 60ರ ದಶಕಗಳಲ್ಲಿ ಅಮೆರಿಕದಲ್ಲಿ ಊರಾಚೆ ಶಾಪಿಂಗ್ ಸೆಂಟರುಗಳು ಎದ್ದು ಗಿರಾಕಿಗಳೆಲ್ಲ ಅತ್ತ ಹೊರಟಾಗ, ನಮ್ಮದೂ ಹೊಸದಾಗಿ ಕಾಣಲಿ ಅಂತ ಎಷ್ಟೋ ವ್ಯಾಪಾರಿಗಳು ಹೀಗೆ ಶೀಟು ಹೊಡೆಸಿದರು. ಈಗ ಒಂದೊಂದೇ ಕೆಳಗಿಳಿದಂತೆ ಕೆಂಪು ಇಟ್ಟಿಗೆ, ಎತ್ತರದ ಕಮಾನು ಕಿಟಕಿಗಳು ಕಂಡವು. ತುದಿಯ ಕಾರ್ನಿಸ್, ಅಂದರೆ ಗೋಡೆಯ ಮೇಲಂಚಿನಲ್ಲಿ ಮುಂದೆ ಚಾಚಿದ ಅಲಂಕಾರದ ಪಟ್ಟಿ, ಮಾತ್ರ ಇರಲಿಲ್ಲ. ಶೀಟು ಸಪಾಟಾಗಿ ಕೂರಲಿ ಅಂತ ಕಡಿದು ಹಾಕಿದ್ದರು! ನೋಡಿ ಹೊಟ್ಟೆ ಉರಿಯಿತು.

ಕೆಳಗಿನ ಎರಕದ ಕಬ್ಬಿಣದ ಕಂಬಗಳು ಗಟ್ಟಿಯಾಗೇ ಇದ್ದವು. ಒಂದರ ಬುಡದಲ್ಲಿ, ಬಣ್ಣದ ಪದರಗಳ ಅಡಿಯಲ್ಲಿ ಏನೋ ಅಕ್ಷರ. ಬಗ್ಗಿ ಕೈಯಾಡಿಸಿದೆ: ಮೆಸ್ಕರ್, ಇವಾನ್ಸ್‌ವಿಲ್. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇದೇ ರಾಜ್ಯದ ಇವಾನ್ಸ್‌ವಿಲ್ ಊರಿನ ಈ ಮೆಸ್ಕರ್ ಕಂಪನಿ ಇಡೀ ಅಂಗಡಿಮುಖವನ್ನೇ ಕ್ಯಾಟಲಾಗಿನಲ್ಲಿ ಮಾರುತ್ತಿತ್ತು. ವ್ಯಾಪಾರಿ ಚಿತ್ರ ನೋಡಿ ಆರಿಸಿ, ಅಳತೆ ಬರೆದು ಕಳಿಸಿದರಾಯಿತು, ಕಂಬ, ಅಚ್ಚೊತ್ತಿದ ತಗಡಿನ ಕಾರ್ನಿಸ್ ಎಲ್ಲಾ ರೈಲಿನಲ್ಲಿ ಬಂದಿಳಿಯುತ್ತಿತ್ತು. ರೆಡಿಮೇಡ್ ಮಾಲು, ಇದರಲ್ಲೇನಿದೆ ಅನ್ನುವವರಿದ್ದಾರೆ. ದೊಡ್ಡ ಆರ್ಕಿಟೆಕ್ಟ್ ಕೈಗೆಟುಕದ ಊರಿನವರೂ ತಮ್ಮ ಬೀದಿ ಚೆನ್ನಾಗಿರಬೇಕು ಅಂತ ಆಸೆಪಟ್ಟಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಚಂದಕ್ಕಷ್ಟೇ ಅಲ್ಲ, ಮೇಲಿನ ಗೋಡೆಯ ಭಾರವನ್ನು ಕಬ್ಬಿಣ ಹೊರುವುದರಿಂದ ಕೆಳಗೆ ದೊಡ್ಡ ದೊಡ್ಡ ಗಾಜು ಕೂರಿಸಲು ಜಾಗ ಸಿಗುತ್ತಿತ್ತು.

ಆ ಜಾಗ ಬೇಕೇ ಬೇಕಿತ್ತು. ಈ ಕಟ್ಟಡಗಳು ಕಿರಿದು, ಆದರೆ ತುಂಬಾ ಉದ್ದ. ಎರಡೂ ಪಕ್ಕ ಬೇರೆಯವರ ಗೋಡೆ, ಬೆಳಕು ಬರುವುದು ಮುಂದಿನಿಂದ ಮತ್ತು ಹಿಂದಿನಿಂದ ಮಾತ್ರ. ಮಾಲೀಕರು ಒಳಗೆ ಕರೆದು ತೋರಿಸಿದರು. ಫಾಲ್ಸ್ ಸೀಲಿಂಗ್ ಕಿತ್ತಿದ್ದರು, ಅದರ ಹಿಂದೆ, ಮುಂಭಾಗದ ದೊಡ್ಡ ಗಾಜುಗಳ ಮೇಲ್ಗಡೆ, ಅಂಗಡಿಯ ಅಗಲಕ್ಕೂ ಅಂಗೈಯಷ್ಟಗಲದ ಚೌಕ ಗಾಜಿನ ಬಿಲ್ಲೆಗಳ ಸಾಲು. ಒಳಮುಖದಲ್ಲಿ ಗರಗಸದ ಹಲ್ಲಿನಂಥ ಏಣುಗಳು. ಆಕಾಶದಿಂದ ಬೀಳುವ ಬೆಳಕನ್ನು ಈ ಪ್ರಿಸಂ ಗಾಜು ಬಾಗಿಸಿ ಅಂಗಡಿಯ ಹಿಂಭಾಗಕ್ಕೆ ಕಳಿಸುತ್ತದೆ. ಲೈಟೇ ಹಾಕಿರಲಿಲ್ಲ, ಆದರೂ ಹಿಂದಿನ ಗೋಡೆಯ ಸಣ್ಣ ಬಿರುಕೂ ಕಾಣುತ್ತಿತ್ತು. ಇಂಥದ್ದನ್ನು ಮುಚ್ಚಿ ಟ್ಯೂಬ್‌ಲೈಟ್ ಹಾಕಿದ್ದರಲ್ಲ!

ಹೊರಗೆ ಇಟ್ಟಿಗೆ ಸಂದಿಗಳಿಗೆ ಸುಣ್ಣದ ಗಾರೆ ತುಂಬುತ್ತಿದ್ದರು. ಸಿಮೆಂಟ್ ಬೇಡವೇ ಬೇಡ, ಅದು ಹಳೇ ಮೆತ್ತನೆ ಇಟ್ಟಿಗೆಗಿಂತ ಗಟ್ಟಿ, ನೀರು ಹೊರಹೋಗದೆ ಇಟ್ಟಿಗೆಯೇ ಚಕ್ಕೆಯೇಳುತ್ತದೆ. ಖರ್ಚು ಜಾಸ್ತಿ ಅಲ್ವಾ ಅಂತ ಮಾಲೀಕರನ್ನು ಕೇಳಿದೆ. ಐತಿಹಾಸಿಕ ಅಂತ ಮಾನ್ಯತೆ ಪಡೆದ ಹಳೇ ಕಟ್ಟಡವನ್ನು ನಿಯಮದ ಪ್ರಕಾರ ದುರಸ್ತಿ ಮಾಡಿ ಬಾಡಿಗೆಗೋ ವ್ಯಾಪಾರಕ್ಕೋ ಬಳಸಿದರೆ ಅಲ್ಲಿನ ಕೇಂದ್ರ ಸರ್ಕಾರ ಖರ್ಚಿನ ಶೇ. 20ರಷ್ಟನ್ನು ತೆರಿಗೆಯಲ್ಲಿ ಬಿಡುತ್ತದೆ, ಆ ಧೈರ್ಯದ ಮೇಲೇ ಕೈ ಹಾಕಿದ್ದಾರಂತೆ. ಬಿಲ್ಲೆಗಳಲ್ಲಿ ಕೆಲವು ಒಡೆದಿವೆ, ಕೆಡವಿದ ಕಟ್ಟಡಗಳಲ್ಲಿ ಅಂಥವೇ ಹುಡುಕಿಸುತ್ತಿದ್ದಾರೆ. ಸಿಗುವವರೆಗೆ ಮಾಮೂಲಿ ಗಾಜು ಹಾಕ್ತೀನಿ, ಮತ್ತೆ ಮುಚ್ಚೋ ಮಾತೇ ಇಲ್ಲ ಅಂದರು.