ಟೇಪು ಹಿಡಿದ ಒಂದು ಮಂಗಳವಾರ

ಮಂಗಳವಾರ ನಗರಸಭೆಯ ಎಂಜಿನಿಯರಿಂಗ್ ಶಾಖೆಗೆ ಬಂದ ಟಪಾಲಿನಲ್ಲಿ ಅವತ್ತೇ ನೋಡಲೇಬೇಕಾದವು ಎರಡು. ಒಂದು, 30x40 ನಿವೇಶನದ ಮನೆ ಪ್ಲಾನು. ಇನ್ನೊಂದು, ಪಕ್ಕದ ಮನೆಯ ಕೆಳಗೆ ಗ್ರಿಲ್ ಕೆಲಸ ನಡೆಯುತ್ತಿದೆ, ಮನೆಯಲ್ಲಿ ಕೂರಲಾಗುತ್ತಿಲ್ಲ ಎಂಬ ಅರ್ಜಿ.

ಪ್ಲಾನಿನ ಕಡತದಲ್ಲಿ ಕ್ರಯಪತ್ರ, ನಮೂನೆ-3ರ ಇ-ಖಾತೆ, ಋಣಭಾರ ಪತ್ರ, ಈ ಸಾಲಿನ ತೆರಿಗೆ ರಸೀದಿ, ಲೇಔಟ್ ಮಂಜೂರಾತಿ ಎಲ್ಲವೂ ಇದ್ದವು. ಮೊದಲು ತಾಳೆ ನೋಡಬೇಕಾದ್ದು ಚೆಕ್ಕುಬಂದಿ, ಅಂದರೆ ಸೈಟಿನ ನಾಲ್ಕು ದಿಕ್ಕಿನ ಗಡಿ. ಕ್ರಯಪತ್ರದಲ್ಲಿ ಪೂರ್ವಕ್ಕೆ ರಸ್ತೆ, ಖಾತೆಯಲ್ಲಿ ಪೂರ್ವಕ್ಕೆ ಪಕ್ಕದ ಸೈಟು ಅಂತಿದ್ದರೆ ಕಡತ ಅಲ್ಲಿಗೇ ನಿಂತಿತು. ಇದರಲ್ಲಿ ನಾಲ್ಕೂ ದಿಕ್ಕು ಸರಿಯಿದ್ದವು. ತೊಡಕು ಸಿಕ್ಕಿದ್ದು ಜಾಗದ ಮೇಲೆ.

ಬಹಳ ಜನ ಉದ್ದ ಒಂದು ಸಲ, ಅಗಲ ಒಂದು ಸಲ ಅಳೆದು ಬಂದುಬಿಡುತ್ತಾರೆ. ಅದು ಸಾಲದು. ನಾಲ್ಕು ಬದಿ, ಎರಡು ಕರ್ಣ, ಒಟ್ಟು ಆರು ಅಳತೆ ಬೇಕು. 30x40ಕ್ಕೆ ಕರ್ಣ ಸರಿಯಾಗಿ 50 ಅಡಿ. ಮೂಲೆಮಟ್ಟ ಹಿಡಿಯುವ ಗಾರೆಯವರಿಗೂ ಬಾಯಿಪಾಠದ ಲೆಕ್ಕ. ಇಲ್ಲಿ ಎರಡು ಕರ್ಣವೂ 49 ಅಡಿಗೆ ಸ್ವಲ್ಪ ಕಡಿಮೆ ಬಂದವು. ಮೂಲೆ ನೆಟ್ಟಗೇ ಇದೆ, ಉದ್ದವೇ ಮೋಸ ಮಾಡಿದೆ. ಮುಂದಿನ ಚರಂಡಿ ಕಟ್ಟುವಾಗ ಸೈಟಿನ ಒಂದೂವರೆ ಅಡಿ ಹೋಗಿ 38.5 ಅಡಿ ಉಳಿದಿತ್ತು.

"ಒಂದೂವರೆ ಅಡಿ ತಾನೇ ಸಾರ್, ಬಿಡಿ" ಎಂದರು ಮಾಲೀಕರು. ಲೆಕ್ಕ ಹಾಕಿದರೆ ಬಿಡುವಂಥದ್ದಲ್ಲ. 1200 ಚದರಡಿ ಎಂದರೆ 111.5 ಚದರ ಮೀಟರ್. ಈಗ ಇರುವುದು 107.3. ಎಫ್‌ಎಆರ್ (ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಅನುಪಾತ) 1.75 ಹಿಡಿದರೆ ಕಟ್ಟಬಹುದಾದ ವಿಸ್ತೀರ್ಣ 195.1ರಿಂದ 187.8ಕ್ಕೆ ಇಳಿಯುತ್ತದೆ. 7.3 ಚದರ ಮೀಟರ್, ಅಂದರೆ 8x10 ಅಡಿಯ ಒಂದು ರೂಮು. ದಾಖಲೆ, ಸ್ಥಳ ಎರಡರಲ್ಲಿ ಕಡಿಮೆಯದನ್ನೇ ಹಿಡಿಯುವುದು ವಾಡಿಕೆ. ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ) ಕೂಡ ಈಗಿರುವ ಗಡಿಯಿಂದಲೇ ಎಣಿಕೆ. ಪಾಯ ತೆಗೆದ ಮೇಲೆ ಇದು ಗೊತ್ತಾಗಿದ್ದರೆ ಮೆಟ್ಟಿಲೇ ಸೆಟ್‌ಬ್ಯಾಕಿಗೆ ಬಂದು ಕೂತಿರುತ್ತಿತ್ತು. ಪ್ಲಾನು ತಿದ್ದಿ ತನ್ನಿ ಎಂದು ಷರಾ ಬರೆದು ವಾಪಸು.

ಮಧ್ಯಾಹ್ನ ಗ್ರಿಲ್ ಅಂಗಡಿ. ಅರ್ಜಿದಾರರು ಮೊಬೈಲ್ ತೋರಿಸಿದರು: 82 ಡೆಸಿಬೆಲ್. ಅದು ಕಬ್ಬಿಣಕ್ಕೆ ಗ್ರೈಂಡರ್ ತಾಗಿದ ಕ್ಷಣದ ಅಂಕಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಮಿತಿ ಇರುವುದು ಸರಾಸರಿಗೆ: ವಸತಿ ಪ್ರದೇಶದಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 55, ಆಮೇಲೆ 45. ಮಾಲಿನ್ಯ ನಿಯಂತ್ರಣ ಮಂಡಳಿಯವರ ಮೀಟರನ್ನು ಕಿಟಕಿಯ ಹತ್ತಿರ, ಗೋಡೆಗೆ ಒರಗದಂತೆ ಸ್ಟ್ಯಾಂಡಿನ ಮೇಲೆ ಇಟ್ಟಾಗ ಸರಾಸರಿ 63 ಬಂತು. ಮಿತಿ ಮೀರಿದ್ದು ಹೌದು. ಆದರೆ ಹಗಲಿನ ಶಬ್ದದ ಮೇಲೆ ಆ ನಿಯಮದಡಿ ದೂರು ಕೊಡಲು ಮಿತಿಗಿಂತ 10 ಡೆಸಿಬೆಲ್ ಹೆಚ್ಚಿರಬೇಕು, ಅಂದರೆ 65. ಎರಡು ಕಡಿಮೆ ಬಿತ್ತು! ಅರ್ಜಿದಾರರ ಮುಖ ನೋಡಲಾಗಲಿಲ್ಲ.

ಅಷ್ಟಕ್ಕೂ ಶಬ್ದದ ಅಧಿಕಾರ ನಗರಸಭೆಯದ್ದಲ್ಲ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಗಿದರೆ 112ಕ್ಕೆ ಫೋನ್ ಮಾಡಬೇಕು. ಬೆಳಿಗ್ಗೆ ನಮ್ಮ ಟಪಾಲಿಗೆ ಹಾಕಿದರೆ ಹಬ್ಬವೇ ಮುಗಿದಿರುತ್ತದೆ. ನಗರಸಭೆಯ ಕೈಯಲ್ಲಿರುವುದು ಎರಡು: ಉದ್ದಿಮೆ ಪರವಾನಗಿ ಮತ್ತು ಮಂಜೂರಾದ ಪ್ಲಾನು. ಹಾಗಾಗಿ ಶಬ್ದದ ಅರ್ಜಿ ಬಂದಾಗ ಮೊದಲು ಇಳಿಸಬೇಕಾದ್ದು ರೆಕಾರ್ಡ್ ರೂಮಿನ ಹಳೇ ಕಡತ. ಇಳಿಸಿದೆವು. ಗ್ರಿಲ್ ಅಂಗಡಿ ಇರುವ ಜಾಗ ಪ್ಲಾನಿನಲ್ಲಿ ಎರಡು ಕಾರಿನ ಪಾರ್ಕಿಂಗ್. ಶಟರ್ ಆಮೇಲೆ ಬಂದದ್ದು. ಪರವಾನಗಿಯೂ ಇಲ್ಲ.

ನೋಟಿಸಿನಲ್ಲಿ ಡೆಸಿಬೆಲ್ ಮಾತೇ ಬರಲಿಲ್ಲ. ಪಾರ್ಕಿಂಗ್ ಜಾಗದ ಉದ್ದಗಲ, ಪ್ಲಾನಿನ ಮಂಜೂರಾತಿ ಸಂಖ್ಯೆ, ಉತ್ತರಕ್ಕೆ ಗಡುವು, ಇಷ್ಟೇ. "ಶಬ್ದ ಜಾಸ್ತಿ" ಎಂದು ಬರೆದರೆ ಮೇಲ್ಮನವಿಯಲ್ಲಿ ಮೊದಲು ಬಿದ್ದುಹೋಗುವುದು ಆ ಸಾಲೇ. ಸಂಜೆ ಜಾರಿಗೆ ಹೋದಾಗ ಯಜಮಾನರು ಊರಲ್ಲಿಲ್ಲ ಎಂದರು. ಶಟರಿಗೇ ಅಂಟಿಸಿ, ಫೋಟೋ ತೆಗೆದು, ಇಬ್ಬರು ಪಂಚರ ಸಹಿ ಹಾಕಿಸಿ ಮಹಜರು ಬರೆದದ್ದಾಯಿತು. ಗ್ರೈಂಡರ್ ಆಗ ನಿಂತಿತ್ತು. ಕರೆಂಟ್ ಹೋಗಿತ್ತು.